ಬೋರ್ಡ್ ಸತ್ತಿಲ್ಲ, ಗುಜರಿಗೆ ಹಾಕಬೇಡಿ

ದೀಪಾವಳಿ ರಜೆ ಮುಗಿಸಿ ಗದಗಿನ ಒಂದು ಹೈಸ್ಕೂಲಿನ ಲ್ಯಾಬಿಗೆ ಹೋದೆ. ಶನಿವಾರ ಮಧ್ಯಾಹ್ನ ಅಲ್ಲಿ ಮಕ್ಕಳಿಗೆ ಆರ್ಡುಯಿನೊ, ಅಂದರೆ ಪ್ರೋಗ್ರಾಂ ಹಾಕಿ ಲೈಟು, ಸೆನ್ಸರ್ ನಡೆಸುವ ಪುಟ್ಟ ಬೋರ್ಡ್, ಹೇಳಿಕೊಡುತ್ತೇನೆ. ಮೂಲೆಯಲ್ಲಿ ಒಂದು ರಟ್ಟಿನ ಡಬ್ಬಿ. ಅದರಲ್ಲಿ ಇಪ್ಪತ್ನಾಲ್ಕು ಬೋರ್ಡು. ಡಬ್ಬಿಯ ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೆದಿದ್ದರು: 'ಕೆಟ್ಟಿವೆ'.

ಒಂಬತ್ತನೇ ಕ್ಲಾಸಿನ ಹುಡುಗಿ ಓಡಿಬಂದಳು. "ಸರ್, ಲೈಟ್ ಹತ್ತತೈತ್ರಿ, ಆದ್ರ ಪ್ರೋಗ್ರಾಂ ಹೋಗವಲ್ದ್ರಿ" ಅಂದಳು. ಅವಳ ಮನೆಯಲ್ಲಿ ಉಳ್ಳಾಗಡ್ಡಿ ಬೆಳೀತಾರೆ. ಕೂಡಿಟ್ಟ ಉಳ್ಳಾಗಡ್ಡಿಗೆ ತೇವ ಹತ್ತಿದರೆ ಕೊಳೆಯುತ್ತೆ. ತೇವ ಜಾಸ್ತಿ ಆದ ಕೂಡಲೇ ಬಜರ್ ಕೂಗುವ ಹಾಗೆ ಒಂದು ಸೆನ್ಸರ್ ಜೋಡಿಸಿ, ಎರಡು ತಿಂಗಳಿಂದ ಅದರ ಹಿಂದೆ ಬಿದ್ದಿದ್ದಳು. ಇನ್ನೇನು ಮುಗಿಯುವ ಹೊತ್ತಿಗೆ ಹೀಗಾಗಿತ್ತು.

ಹೆಡ್‌ಮಾಸ್ಟರು ಪಾಪ ಒಳ್ಳೆಯವರು. "ಇವೆಲ್ಲಾ ಹೋದಂಗ ಆತಲ್ರಿ, ಹೊಸಾವ ತರಸೂಣೇನ್ರಿ?" ಎಂದು ಕೇಳಿದರು. ಬ್ಯಾಡ್ರಿ ಸರ್, ಒಂದು ವಾರ ಕೊಡ್ರಿ ಅಂದೆ.

ಮೊದಲು ಒಂದು ಬೋರ್ಡನ್ನು ನನ್ನ ಮೊಬೈಲ್ ಚಾರ್ಜರಿಗೆ ಚುಚ್ಚಿದೆ. ಹಿಂದಿನ ವರ್ಷ ಯಾರೋ ಹಾಕಿದ್ದ ಪ್ರೋಗ್ರಾಂ ಹಾಗೇ ಓಡಿತು. ಪುಟ್ಟ ಲೈಟು ಒಂದು ಸೆಕೆಂಡಿಗೆ ಹತ್ತಿತು, ಒಂದು ಸೆಕೆಂಡಿಗೆ ಆರಿತು. ಸತ್ತ ಬೋರ್ಡು ಹೀಗೆ ಮಾಡುವುದಿಲ್ಲ ಅಲ್ವಾ? ಹಾಗಾದರೆ ಕೆಟ್ಟಿದ್ದು ಬೋರ್ಡ್ ಅಲ್ಲ. ರಜೆಯಲ್ಲಿ ಬದಲಾಗಿದ್ದು ಕಂಪ್ಯೂಟರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅದಕ್ಕೇ ಶಾಲೆಯವರು ರಜೆಯಲ್ಲಿ ಎಲ್ಲ ಮಷೀನುಗಳನ್ನೂ ಅಪ್‌ಗ್ರೇಡ್ ಮಾಡಿಸಿದ್ದರು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅದು ಇದ್ದ ಮಷೀನುಗಳಿಗೆ ವಿಂಡೋಸ್ 11 ಬಂತು. ಇಲ್ಲದವಕ್ಕೆ, ಪೆನ್‌ಡ್ರೈವ್‌ನಲ್ಲಿ ಇದ್ದ ಉಬುಂಟು 22.04 ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದರು. ಮಾಡಿದ್ದು ಸರಿಯೇ. ಆದರೆ ಈ ಕಂಪ್ಯೂಟರಿಗೆ ಏನೇನು ಚುಚ್ಚುತ್ತೀರಿ ಎಂದು ಮಕ್ಕಳನ್ನಾಗಲಿ, ಲ್ಯಾಬ್ ನೋಡುವ ಮೇಡಂ ಅವರನ್ನಾಗಲಿ ಯಾರೂ ಕೇಳಲಿಲ್ಲ. ನನ್ನ ತಕರಾರು ಇದೊಂದೇ.

ಬೋರ್ಡಿನ ಯುಎಸ್‌ಬಿ ಬಾಯಿಯ ಹತ್ತಿರ ಒಂದು ಸಣ್ಣ ಕರಿ ಚಿಪ್ ಇರುತ್ತೆ. ಫೋನ್ ಕ್ಯಾಮೆರಾ ಜೂಮ್ ಮಾಡಿದರೆ ಅಕ್ಷರ ಕಾಣುತ್ತೆ. ನಮ್ಮ ಡಬ್ಬಿಯಲ್ಲಿದ್ದವಕ್ಕೆಲ್ಲ 'ಸಿಎಚ್340ಜಿ'. ಕಂಪ್ಯೂಟರ್ ಯುಎಸ್‌ಬಿಯಲ್ಲಿ ಮಾತಾಡುತ್ತೆ, ಪ್ರೋಗ್ರಾಂ ಓಡಿಸುವ ಎಟಿಮೆಗಾ328ಪಿ ಚಿಪ್ಪಿಗೆ ಸೀರಿಯಲ್ ಎಂಬ ಬೇರೆ ಭಾಷೆ ಮಾತ್ರ ತಿಳಿಯುತ್ತೆ. ನಡುವಿನ ದುಭಾಷಿ ಈ ಚಿಪ್. ಅದರ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ್ದು ಡ್ರೈವರ್ ಎಂಬ ತಂತ್ರಾಂಶ. ಆರ್ಡುಯಿನೊ ಕಂಪನಿಯದೇ ಅಸಲಿ ಬೋರ್ಡ್ ಆದ ಉನೊದಲ್ಲಿ ಈ ಕೆಲಸಕ್ಕೆ ಎಟಿಮೆಗಾ16ಯು2 ಇರುತ್ತೆ, ಅದಕ್ಕೆ ವಿಂಡೋಸ್ 10ರಿಂದ ಈಚೆಗೆ ಬೇರೆ ಡ್ರೈವರ್ ಹಾಕುವ ಗೋಜಿಲ್ಲ. ಆದರೆ ಅದರ ಬೆಲೆಯಲ್ಲಿ ಈ ಬೋರ್ಡುಗಳು ಹಲವು ಬರುತ್ತವೆ. ಸರ್ಕಾರಿ ಶಾಲೆಯ ಮಗುವಿಗೆ ಒಂದೊಂದು ಬೋರ್ಡ್ ಸಿಗುವುದೇ ಇವುಗಳಿಂದ. ಅಗ್ಗದ ಮಾಲು ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ.

ವಿಂಡೋಸ್ 11ರಲ್ಲಿ ತೊಂದರೆ ಬೇಗ ಸಿಕ್ಕಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್5 ಎಂದು ಪೋರ್ಟ್ ಕಾಣುತ್ತಿತ್ತು, ತೊಂದರೆ ಇದ್ದರೆ ಬರುವ ಹಳದಿ ಗುರುತೂ ಇರಲಿಲ್ಲ. ಅಪ್‌ಲೋಡ್ ಒತ್ತಿದರೆ ಮಾತ್ರ ಪೋರ್ಟ್ ತೆರೆಯುತ್ತಿರಲಿಲ್ಲ. ಡ್ರೈವರ್ ತಾರೀಕು ನೋಡಿದೆ: 2023ರದ್ದು. ಸಿಎಚ್340 ಎಂದು ಮಾರುವ ಕೆಲವು ಚಿಪ್ಪುಗಳಿಗೂ ಈ ಹೊಸ ಡ್ರೈವರಿಗೂ ಆಗಿಬರುವುದಿಲ್ಲ. 2019ರ ಹಳೆಯ ಡ್ರೈವರ್ ಆರಿಸಿಕೊಟ್ಟೆ, ಅಪ್‌ಲೋಡ್ ಆಯಿತು. ವಿಂಡೋಸ್ ಅಪ್‌ಡೇಟ್ ಮತ್ತೆ ಹೊಸದನ್ನೇ ತಂದು ಹಾಕಬಹುದು, ಆ ಕಡೆ ಒಂದು ಕಣ್ಣಿರಲಿ.

ಉಬುಂಟುವಿನಲ್ಲಿ ನಡೆದದ್ದು ಬೇರೆಯೇ ಕಥೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬೋರ್ಡ್ ಚುಚ್ಚಿದ ಕೂಡಲೇ ಟಿಟಿವೈಯುಎಸ್‌ಬಿ0 ಎಂದು ಪೋರ್ಟ್ ಬರುತ್ತಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಕಂಪ್ಯೂಟರಿನ ಒಳಗಿನ ದಾಖಲೆ ತೋರಿಸುವ ಡಿಮೆಸೇಜ್ ಕಮಾಂಡ್ ಕೊಟ್ಟು ನೋಡಿದರೆ 'ಬಿಆರ್‌ಎಲ್‌ಟಿಟಿವೈ' ಎಂಬ ಹೆಸರು. ಕಣ್ಣು ಕಾಣದವರು ಬೆರಳಿನಿಂದ ಓದುವ ಬ್ರೈಲ್ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ತಂತ್ರಾಂಶ ಅದು. ಅಂಥ ಒಂದು ಯಂತ್ರದೊಳಗೂ ಇದೇ ಸಿಎಚ್340 ಚಿಪ್ ಇದೆ, ಅದೇ ಗುರುತಿನ ನಂಬರ್: 1ಎ86, 7523. ಹಾಗಾಗಿ ನಮ್ಮ ಬೋರ್ಡ್ ಚುಚ್ಚಿದಾಗ ಆ ತಂತ್ರಾಂಶ ಬ್ರೈಲ್ ಯಂತ್ರವೇ ಬಂತೆಂದು ತಿಳಿದು ಪೋರ್ಟನ್ನು ತಾನೇ ಹಿಡಿದುಕೊಳ್ಳುತ್ತಿತ್ತು.

ಯಾರನ್ನೇ ಕೇಳಿ, ಅದನ್ನು ರಿಮೂವ್ ಮಾಡಿ ಬಿಡಿ ಅಂತಾರೆ. ಒಂದೇ ಸಾಲಿನ ಕಮಾಂಡ್. ನನ್ನ ಕೈ ಕೀಬೋರ್ಡ್ ಮೇಲೇ ನಿಂತಿತು. ನಾನಿದ್ದದ್ದು ಗದಗಿನಲ್ಲಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಅನ್ನಕ್ಕೆ ದಾರಿ ಮಾಡಿಕೊಟ್ಟ ವೀರೇಶ್ವರ ಪುಣ್ಯಾಶ್ರಮ ಇರುವ ಊರು. ಇಲ್ಲಿ ಕೂತು, ಬ್ರೈಲ್ ತಂತ್ರಾಂಶ ಯಾರಿಗೂ ಬೇಡ, ತೆಗೆದುಹಾಕಿ ಅಂತ ಮಕ್ಕಳಿಗೆ ಹೇಗೆ ಕಲಿಸಲಿ? ನಾಳೆ ಇದೇ ಲ್ಯಾಬಿಗೆ ಕಣ್ಣು ಕಾಣದ ಒಂದು ಮಗು ಬರಬಹುದು.

ಅದಕ್ಕೆ ಬೇರೆ ದಾರಿ ಇದೆ. ಏನು ಚುಚ್ಚಿದರೆ ಏನು ಮಾಡಬೇಕೆಂದು ಬರೆದಿಟ್ಟಿರುವ ಯುಡೆವ್ ರೂಲ್ಸ್ ಫೋಲ್ಡರಿನಲ್ಲಿ ಹೆಸರಿನ ಮೊದಲಿಗೆ 85 ಎಂದಿರುವ ಬಿಆರ್‌ಎಲ್‌ಟಿಟಿವೈ ಫೈಲ್ ಇರುತ್ತೆ. ಅದರಲ್ಲಿ 1ಎ86/7523 ನಂಬರ್ ಇರುವ ಒಂದು ಸಾಲು ಹುಡುಕಿ, ಮುಂದೆ ಹ್ಯಾಶ್ (#) ಗುರುತು ಹಾಕಿ ಆ ಸಾಲನ್ನು ನಿಲ್ಲಿಸಿ, ಮಷೀನನ್ನು ರೀಸ್ಟಾರ್ಟ್ ಮಾಡಿ. ಆ ಒಂದು ನಂಬರ್ ಬಿಟ್ಟು ಉಳಿದ ಬ್ರೈಲ್ ಯಂತ್ರಗಳು ಮೊದಲಿನಂತೆಯೇ ನಡೆಯುತ್ತವೆ. ಐದು ನಿಮಿಷ ಜಾಸ್ತಿ ಹಿಡಿಯುತ್ತೆ, ಹಿಡಿಯಲಿ. ಆಮೇಲೂ ಪರ್ಮಿಷನ್ ಇಲ್ಲ ಎಂದರೆ ಯೂಸರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.

ಈ ಕಾಟ ಹೊಸದೇನಲ್ಲ. 2014ರಲ್ಲಿ, ಇಂಥದೇ ದುಭಾಷಿ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ನಕಲಿ ಚಿಪ್ಪುಗಳ ಗುರುತಿನ ನಂಬರನ್ನೇ ಸೊನ್ನೆ ಮಾಡಿಬಿಟ್ಟಿತ್ತು. ದುಡ್ಡು ಕೊಟ್ಟು ತಂದವರಿಗೆ ಅಸಲಿ ಯಾವುದು, ನಕಲಿ ಯಾವುದು ಎಂದೇ ಗೊತ್ತಿರಲಿಲ್ಲ. ಆಗಲೂ ಎಷ್ಟೋ ಜನ ಬೋರ್ಡ್ ಸುಟ್ಟಿದೆ ಎಂದೇ ತಿಳಿದಿರಬೇಕು.

ಶಾಲೆಗಳಲ್ಲಿ ಇಂಥ ಲ್ಯಾಬ್ ಮಾಡಲು ಇರುವ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತೆ. ಅಷ್ಟು ದುಡ್ಡು ಹಾಕಿದ ಮೇಲೆ ಅಪ್‌ಗ್ರೇಡ್ ಮಾಡಲು ಬರುವವರ ಕೈಗೆ ಒಂದು ಬೋರ್ಡ್, ಒಂದು ಕೇಬಲ್ ಕೊಟ್ಟು, 'ಮೊದಲು ಒಂದೇ ಮಷೀನಿಗೆ ಹಾಕಿ, ಇದಕ್ಕೆ ಪ್ರೋಗ್ರಾಂ ಹೋಗುತ್ತಾ ತೋರಿಸಿ, ಆಮೇಲೆ ಉಳಿದವನ್ನು ಮುಟ್ಟಿ' ಎಂದು ಹೇಳುವುದು ಕಷ್ಟವಾ?

ಡಬ್ಬಿ ಖಾಲಿ ಮಾಡುತ್ತಾ ಒಂದೊಂದನ್ನೇ ನೋಡಿದೆವು. ಕೆಲವಕ್ಕೆ ಜೊತೆಗಿದ್ದ ಕೇಬಲ್ಲೇ ಬರೀ ಚಾರ್ಜಿಂಗಿನದು, ಒಳಗೆ ಡೇಟಾ ವೈರ್ ಇರಲಿಲ್ಲ. ಅನುಮಾನ ಇದ್ದವಕ್ಕೆ ರೀಸೆಟ್ ಪಿನ್ನನ್ನು ಗ್ರೌಂಡಿಗೆ ಸೇರಿಸಿ, 0 ಮತ್ತು 1 ಪಿನ್ ನಡುವೆ ಒಂದು ವೈರ್ ಹಾಕಿ, ಸೀರಿಯಲ್ ಮಾನಿಟರಿನಲ್ಲಿ ಮಕ್ಕಳಿಂದ ತಮ್ಮ ತಮ್ಮ ಹೆಸರು ಟೈಪ್ ಮಾಡಿಸಿದೆ. ಹೆಸರು ವಾಪಸ್ ಬಂದರೆ ಚಿಪ್ಪೂ ಸರಿ, ಡ್ರೈವರೂ ಸರಿ. ಹೆಸರು ಬಂದಾಗಲೆಲ್ಲ ಮಕ್ಕಳು ಕುಣಿದರು. ಇಪ್ಪತ್ನಾಲ್ಕರಲ್ಲಿ ನಿಜವಾಗಿ ಕೆಟ್ಟಿದ್ದು ಎರಡು.

ಡಬ್ಬಿಯ ಮೇಲಿನ ಬರಹವನ್ನು ಆ ಹುಡುಗಿಯೇ ಹೊಡೆದುಹಾಕಿದಳು. ಕೆಳಗೆ ಚಿಪ್ಪಿನ ಹೆಸರು, ಡ್ರೈವರ್ ವರ್ಷ ಬರೆದು ಮೇಲೆ ಸೆಲ್ಲೋಟೇಪ್ ಹಚ್ಚಿದಳು. ಗದಗ-ಬೆಟಗೇರಿ, ಹುಬ್ಬಳ್ಳಿ, ಹಾವೇರಿ ಕಡೆ ಯಾವ ಶಾಲೆಯಲ್ಲಾದರೂ ಇಂಥ ಡಬ್ಬಿ ಇದ್ದರೆ ಗುಜರಿಗೆ ಕೊಡುವ ಮೊದಲು ನನಗೊಂದು ಮೆಸೇಜ್ ಹಾಕಿ. ಭಾನುವಾರ ಬಿಡುವಾಗಿರುತ್ತೇನೆ, ನಾನೇ ಬರುತ್ತೇನೆ.