ಕೇಳದೇ ಇದ್ದಾಗ್ಲೂ ಕೇಳಿಸ್ಬೇಕು

ನನ್ನ ಆ್ಯಂಬಿಯಂಟ್ ಆಲ್ಬಂ ಕೊನೆಗೂ ಮುಗೀತು. ಆ್ಯಂಬಿಯಂಟ್ ಅಂದ್ರೆ, ಗಮನ ಕೊಟ್ಟು ಕೇಳ್ದೇ ಇದ್ರೂ ಹಿನ್ನೆಲೆಯಲ್ಲಿ ಮೆಲ್ಲಗೆ ಹರೀತಾ ಇರೋ ಥರದ ಸಂಗೀತ. ಆರು ಟ್ರ್ಯಾಕು, 41 ನಿಮಿಷ, ಒಂದೂವರೆ ವರ್ಷದ ಕೆಲಸ. ಮೊನ್ನೆ ಗೆಳೆಯ ಒಬ್ಬನಿಗೆ ಮೊದಲನೇ ಟ್ರ್ಯಾಕ್ ಹಾಕಿ ಕೇಳಿಸ್ದೆ, ಎರಡು ನಿಮಿಷ ಸುಮ್ನೆ ಕೂತಿದ್ದು ಆಮೇಲೆ "ಚೆನ್ನಾಗಿದೆ ಕಣೋ, ಆದ್ರೆ ಹಾಡು ಯಾವಾಗ ಶುರುವಾಗತ್ತೆ?" ಅಂದ. ಚುಚ್ಚಕ್ಕೆ ಕೇಳಿದ್ದಲ್ಲ, ಪಾಪ ನಿಜವಾಗ್ಲೂ ಕಾಯ್ತಾ ಇದ್ದ. ಅವತ್ತು ನಂಗೆ ಸರಿಯಾಗಿ ಉತ್ತರ ಕೊಡಕ್ಕಾಗ್ಲಿಲ್ಲ, ಅದು ಮನಸ್ಸಲ್ಲೇ ಕೊರೀತಾ ಇದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ತುಂಬಾ ಜನ ಏನ್ ಅಂದ್ಕೊಂಡಿದಾರೆ ಅಂದ್ರೆ, ಸಿಂಥಲ್ಲಿ (ಎಲೆಕ್ಟ್ರಾನಿಕ್ ಕೀಬೋರ್ಡಲ್ಲಿ) ಒಂದು ಪ್ಯಾಡ್, ಅಂದ್ರೆ ಉದ್ದಕ್ಕೆ ಎಳೆಯೋ ಮೆತ್ತನೆ ಸ್ವರ, ಒತ್ತಿ ಹಿಡ್ಕೊ, ಮೇಲೆ ಬೇಕಾದಷ್ಟು ರಿವರ್ಬ್ (ದೊಡ್ಡ ಹಾಲಲ್ಲಿ ಕೇಳಿಸೋ ಥರದ ಗುಂಯ್‌ಗುಡೋ ಪ್ರತಿಧ್ವನಿ) ಸುರಿ, ಹತ್ತು ನಿಮಿಷ ಬಿಡು, ಆ್ಯಂಬಿಯಂಟ್ ರೆಡಿ ಅಂತ. ನಾನೂ ಶುರುವಲ್ಲಿ ಹಾಗೇ ಮಾಡ್ದೆ. ಎರಡು ತಿಂಗಳಲ್ಲಿ ಇಪ್ಪತ್ತು ಚಿಲ್ಲರೆ ಸ್ಕೆಚ್ ಆಯ್ತು. ಒಂದೊಂದೂ ಇಂಪಾಗಿತ್ತು, ಒಂದೂ ಉಳೀಲಿಲ್ಲ. ಕೇಳಕ್ಕೆ ಇಂಪಾಗಿರೋದು ಬೇರೆ, ಒಬ್ಬ ಮನುಷ್ಯನ ಜೊತೆ ಒಂದೇ ರೂಮಲ್ಲಿ ಗಂಟೆಗಟ್ಟಲೆ ಇರಕ್ಕೆ ಲಾಯಕ್ಕಾಗಿರೋದು ಬೇರೆ.

ಈ ಪ್ರಕಾರಕ್ಕೆ ಹೆಸರಿಟ್ಟ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೊ ಅವರ ಕಥೆ ಸುಮಾರು ಜನಕ್ಕೆ ಗೊತ್ತಿರತ್ತೆ. 1975ರಲ್ಲಿ ಆ್ಯಕ್ಸಿಡೆಂಟ್ ಆಗಿ ಹಾಸಿಗೆ ಹಿಡಿದಿದ್ದಾಗ ನೋಡಕ್ಕೆ ಬಂದ ಸ್ನೇಹಿತೆ ಒಬ್ಬರು ಹಾರ್ಪ್ ಅನ್ನೋ ತಂತಿವಾದ್ಯದ ರೆಕಾರ್ಡ್ ತಂದುಕೊಟ್ಟಿದ್ರು, ಅದನ್ನ ಕಷ್ಟಪಟ್ಟು ಹಾಕ್ಕೊಂಡು ಬಂದು ಮಲಗಿದ್ಮೇಲೆ ನೋಡಿದ್ರೆ ವಾಲ್ಯೂಮ್ ತೀರಾ ಕಡಿಮೆ, ಒಂದು ಸ್ಪೀಕರ್ ಮಾತೇ ಆಡ್ತಿಲ್ಲ, ಹೊರಗೆ ಮಳೆ ಬೇರೆ. ಎದ್ದು ಸರಿಮಾಡೋಣ ಅಂದ್ರೆ ಮೈಯಲ್ಲಿ ತ್ರಾಣ ಇಲ್ಲ. ಹಾಗೇ ಮಲ್ಕೊಂಡು ಕೇಳಿದ್ರು, ಹಾರ್ಪೂ ಮಳೇನೂ ಬೆರೆತು ಇನ್ನೊಂದು ಥರ ಕೇಳೋದು ಹೇಗೆ ಅಂತ ಅವರಿಗೆ ಹೊಳೀತು. ಈ ಕಥೆ ಹೇಳೋರೆಲ್ಲ ಮಳೇನ ಎತ್ತಿ ಹೇಳ್ತಾರೆ. ನಂಗೆ ಮಾತ್ರ ಅವರಿಗೆ ಏಳಕ್ಕಾಗ್ದೇ ಇದ್ದಿದ್ದೇ ಮುಖ್ಯ ಅನ್ಸತ್ತೆ. ಯಾಕಂದ್ರೆ ಸಂಗೀತ ಮಾಡೋರ ಕೈ ಸುಮ್ನಿರಲ್ಲ, ಅಲ್ಲೊಂಚೂರು ಜಾಸ್ತಿ ಇಲ್ಲೊಂಚೂರು ಕಡಿಮೆ ಅಂತ ತಿದ್ದಕ್ಕೆ ಹೋಗ್ತಾನೇ ಇರತ್ತೆ. ಆ ಕೈನ ಕಟ್ಟಿ ಹಾಕೋದು ಕಲಿಯಕ್ಕೆ ನಂಗೆ ಆರು ತಿಂಗಳು ಹಿಡೀತು.

ದಾರಿ ತೋರಿಸಿದ್ದು ಲೂಪ್‌ಗಳು, ಅಂದ್ರೆ ಮುಗಿದ ತಕ್ಷಣ ಮತ್ತೆ ಮೊದಲಿಂದ ಸುತ್ತೋ ಸದ್ದಿನ ತುಣುಕುಗಳು. 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಆಲ್ಬಮ್ಮಲ್ಲಿ ಈನೊ ಬೇರೆ ಬೇರೆ ಉದ್ದದ ಟೇಪ್ ಲೂಪ್‌ಗಳನ್ನ ಒಟ್ಟಿಗೆ ಓಡಿಸಿದ್ರು, ಒಂದೊಂದು ಲೂಪಿಗೆ ಒಂದೊಂದು ಸುತ್ತು, ಅವು ತಮ್ಮಷ್ಟಕ್ಕೆ ಸೇರ್ತಾವೆ, ಬಿಡ್ತಾವೆ. ನಾನು ಅದನ್ನೇ ಕಂಪ್ಯೂಟರಲ್ಲಿ ಮಾಡ್ದೆ. ಹಾರ್ಮೋನಿಯಂ ಮೇಲೆ ಮೂರೇ ಸ್ವರ, ಬೇರೆ ಬೇರೆ ರೆಕಾರ್ಡ್ ಮಾಡಿ ಒಂದನ್ನ 17 ಸೆಕೆಂಡಿನ ಲೂಪ್ ಮಾಡ್ದೆ, ಇನ್ನೊಂದು 19, ಮತ್ತೊಂದು 23. ಮೂರೂ ಅವಿಭಾಜ್ಯ ಸಂಖ್ಯೆ. ಹಾಗಾಗಿ ಮೂರೂ ಒಟ್ಟಿಗೆ ಶುರುವಾದ್ರೆ ಮತ್ತೆ ಅದೇ ಜಾಗಕ್ಕೆ ಒಟ್ಟಿಗೆ ಬರಕ್ಕೆ 7429 ಸೆಕೆಂಡ್ ಬೇಕು, ಅಂದ್ರೆ 2 ಗಂಟೆ 3 ನಿಮಿಷ 49 ಸೆಕೆಂಡ್. ಮೂರು ಸ್ವರದಿಂದ ಎರಡು ಗಂಟೆ! ಅವತ್ತು ರಾತ್ರಿ ಪೂರ್ತಿ ಓಡಿಸಿ ರೆಕಾರ್ಡ್ ಮಾಡಿ, ಮಾರನೇ ದಿನದಿಂದ ಬರೀ ಕೇಳೋದೇ ಕೆಲಸ ಆಯ್ತು. ಒಂದು ಕಡೆ ಮೂರೂ ಸ್ವರ ಹತ್ತಿರ ಹತ್ತಿರ ಬಂದು ಇನ್ನೇನು ಡಿಕ್ಕಿ ಹೊಡಿಯತ್ತೆ ಅನ್ನೋವಷ್ಟರಲ್ಲಿ ದೂರ ಆಗ್ತವೆ, ಆಮೇಲೆ ತುಂಬಾ ಹೊತ್ತು ಒಂದೊಂದಾಗೇ ಬರ್ತವೆ. ಆ ಏಳು ನಿಮಿಷ ಮಾತ್ರ ಇಟ್ಕೊಂಡೆ. ಇದ್ರಲ್ಲಿ ನೀನು ಮಾಡಿದ್ದೇನು ಅಂತ ಕೇಳಿದ್ರೆ, ಆ ಏಳು ನಿಮಿಷ ಹುಡುಕಿದ್ದೇ ನಾನು ಮಾಡಿದ್ದು, ಅದೇ ಕಂಪೋಸಿಶನ್ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಮೂರನೇ ಟ್ರ್ಯಾಕ್ ಹುಟ್ಟಿದ್ದು ಹೇಗೆ ಅಂತಾನೂ ಹೇಳ್ಬೇಕು. ನುಡಿಸೋದು ಮುಗಿಸಿ ಹಾರ್ಮೋನಿಯಂನ ಗಾಳಿ ಊದೋ ತಿದಿಯಿಂದ ಕೈ ತೆಗೆದಿದೀನಿ, ಮೈಕ್ ಆಫ್ ಮಾಡಿಲ್ಲ. ಒಳಗೆ ಉಳಿದಿದ್ದ ಗಾಳಿ ನಿಧಾನಕ್ಕೆ ಹೊರಗೆ ಹೋಗ್ತಾ, ರೀಡ್ (ಸ್ವರ ಹೊರಡಿಸೋ ಲೋಹದ ನಾಲಗೆ) ಒಂದು ದನಿ ಕುಗ್ತಾ ಕುಗ್ತಾ ನಡುಗಿ ನಿಂತು, ಆಮೇಲೆ ಮರ ಒಂದು ಸಲ ಟಕ್ ಅಂತು. ಎಲ್ಲಾ ಸೇರಿ 11 ಸೆಕೆಂಡ್. ಮೊದಲು ಅದನ್ನ ಗಲೀಜು ಅಂದ್ಕೊಂಡು ನಾಯ್ಸ್ ತೆಗೆಯೋ ಪ್ಲಗಿನ್ ಹಾಕಿ ಚೆನ್ನಾಗಿ ತೊಳ್ದೆ. ತೊಳೆದ್ಮೇಲೆ ಸ್ವರ ಶುದ್ಧವಾಗಿತ್ತು ಆದ್ರೆ ರೂಮಲ್ಲಿ ಯಾರೂ ಇಲ್ಲ ಅನ್ನಿಸ್ತು. ವಾಪಸ್ ಮೂಲ ಫೈಲ್ ತಗೊಂಡು, ಹಳೇ ಟೇಪಿನ ಥರ ಅರ್ಧ ಸ್ಪೀಡಿಗೆ ಇಳಿಸ್ದೆ, 11 ಸೆಕೆಂಡ್ 22 ಆಯ್ತು, ಸ್ವರ ಒಂದು ಸಪ್ತಕ ಕೆಳಗೆ ಹೋಯ್ತು, ಆ ಗಾಳಿ ಪಕ್ಕದ ರೂಮಲ್ಲಿ ಯಾರೋ ಗಾಢ ನಿದ್ದೆಯಲ್ಲಿ ಉಸಿರಾಡ್ತಿರೋ ಹಾಗೆ ಕೇಳಿಸ್ತು. ಅವತ್ತು ಮೈ ಜುಮ್ ಅಂದಿದ್ದು ಇನ್ನೂ ನೆನಪಿದೆ. ಇಡೀ ಟ್ರ್ಯಾಕ್ ಅದರ ಮೇಲೇ ನಿಂತಿದೆ.

ಮಿಕ್ಸಿಂಗ್, ಅಂದ್ರೆ ಬೇರೆ ಬೇರೆ ಸದ್ದುಗಳನ್ನ ಹದವಾಗಿ ಬೆರೆಸೋದು, ಅದರ ಬಗ್ಗೆ ಒಂದೇ ಮಾತು ಹೇಳ್ತೀನಿ, ನನ್ನ ಪ್ರಕಾರ ಆ್ಯಂಬಿಯಂಟ್‌ನ ಸ್ಪೀಕರ್ ಮುಂದೆ ಕೂತು ಮಿಕ್ಸ್ ಮಾಡಿ ಮುಗಿಸ್ಬಾರ್ದು. ಮುಂದೆ ಕೂತ್ರೆ ಕಿವಿ ಕೆಲಸ ಹುಡುಕತ್ತೆ. ನಾನು ಕಡಿಮೆ ವಾಲ್ಯೂಮಲ್ಲಿ ಹಾಕಿ ಪಾತ್ರೆ ತೊಳೀತಿದ್ದೆ, ಬಟ್ಟೆ ಮಡಚ್ತಿದ್ದೆ, ಯಾವ ಜಾಗಕ್ಕೆ ಕೈ ತಾನಾಗೇ ನಿಲ್ಲತ್ತೋ ಅಲ್ಲಿ ಏನೋ ಕಿವಿ ಹಿಡಿದು ಎಳೀತಿದೆ ಅಂತ ಅರ್ಥ. ನಾಲ್ಕನೇ ಟ್ರ್ಯಾಕಲ್ಲಿ ಗಂಟೆ ಬಾರಿಸೋ ಸದ್ದೊಂದಿತ್ತು, ಇಡೀ ಆಲ್ಬಮ್ಮಲ್ಲಿ ನಂಗೆ ಅಷ್ಟು ಇಷ್ಟ ಆಗಿದ್ದು ಇನ್ನೊಂದಿರ್ಲಿಲ್ಲ, ಪ್ರತಿ ಸಲ ಅದು ಬಂದಾಗ ಕೈ ನಿಲ್ತಿತ್ತು. ನಮ್ಮ ಕಿವಿ ತುಂಬಾ ಚುರುಕಾಗಿರೋ 2ರಿಂದ 5 ಕಿಲೋಹರ್ಟ್ಸ್ ಭಾಗದಲ್ಲೇ ಅದು ಹೊಳೀತಿದ್ದಿದ್ದು, ಇಕ್ಯೂನಲ್ಲಿ (ಈಕ್ವಲೈಸರಲ್ಲಿ) ಆ ಭಾಗ ಕಡಿಮೆ ಮಾಡ್ದೆ, ರಿವರ್ಬಲ್ಲಿ ಮುಳುಗಿಸ್ದೆ, ಏನು ಮಾಡಿದ್ರೂ ನಿಲ್ತಾನೇ ಇತ್ತು. ಮೂರು ವಾರ ಆದ್ಮೇಲೆ ತೆಗೆದೇ ಹಾಕ್ದೆ, ಈಗ್ಲೂ ಹೊಟ್ಟೆ ಉರಿಯತ್ತೆ, ಆದ್ರೆ ತೆಗೆದಿದ್ದೇ ಸರಿ.

ಹಾಗಂತ ಏನೂ ಎಳೀದೇ ಇದ್ರೆ ಸಾಕು ಅಂತ ಅಲ್ಲ, ಫ್ಯಾನೂ ಎಳೆಯಲ್ಲ. ಅದಕ್ಕೆ ಇನ್ನೊಂದು ಪರೀಕ್ಷೆ. ಮನೇಲಿ ಯಾರಾದ್ರೂ ಓದ್ತಾ ಕೂತಿರುವಾಗ ಏನೂ ಹೇಳ್ದೆ ಹಾಕ್ಬಿಡೋದು, ಹತ್ತು ನಿಮಿಷ ಆದ್ಮೇಲೆ ತಟ್ಟನೆ ನಿಲ್ಲಿಸೋದು. ತಲೆ ಎತ್ತಿ ನೋಡಿದ್ರೆ ಪಾಸ್. ಮೊದಲ ಸಲ ಎತ್ತಿದ್ದು ಎರಡನೇ ಟ್ರ್ಯಾಕಿಗೆ, "ಏನೋ ನಿಂತ್ ಹೋಯ್ತಲ್ಲ" ಅಂದ್ರು, ಏನು ಅಂತ ಅವರಿಗೇ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಹೊಗಳಿಕೆ ನಂಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಇನ್ನು ರಿಲೀಸ್ ವಿಷ್ಯ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದ್ರೇನೇ ಒಂದು ಸ್ಟ್ರೀಮ್ ಅಂತ ಲೆಕ್ಕ, ಅದಕ್ಕೇ ಎಲ್ಲರ ಸಲಹೆ ಒಂದೇ, ಶುರುವಲ್ಲೇ ಏನಾದ್ರೂ ಹಿಡಿದು ಕೂರಿಸೋದು ಇಡು, ಟ್ರ್ಯಾಕ್‌ನ ಎರಡು ನಿಮಿಷಕ್ಕೆ ಕತ್ತರಿಸು ಅಂತ. ಅವರು ಹೇಳೋದ್ರಲ್ಲಿ ಲೆಕ್ಕ ಸರಿ ಇದೆ. ಆದ್ರೆ ನನ್ನ ಮೊದಲನೇ ಟ್ರ್ಯಾಕಲ್ಲಿ ಮೊದಲ 40 ಸೆಕೆಂಡ್ ಖಾಲಿ ರೂಮಿನ ಸದ್ದು ಬಿಟ್ರೆ ಏನೂ ಇಲ್ಲ, ಸ್ವರ ಬರೋದೇ ಆಮೇಲೆ, ಕೇಳೋರ ರೂಮೂ ನನ್ನ ರೂಮೂ ಒಂದಾಗಕ್ಕೆ ಅಷ್ಟು ಹೊತ್ತು ಬೇಕು. ಅದನ್ನ ಕತ್ತರಿಸಿದ್ರೆ ಉಳಿದ ಏಳು ನಿಮಿಷ ಯಾಕೆ? ಲೌಡ್‌ನೆಸ್ಸೂ ಅಷ್ಟೇ, ಲಿಮಿಟರ್ (ಜೋರು ಸದ್ದು ಮಿತಿ ಮೀರದ ಹಾಗೆ ತಡೆಯೋ ಸಾಧನ) ಹಾಕಿ ಒಟ್ಟು ಸದ್ದು ಎತ್ತೋಣ ಅಂದ್ರು ಮಾಸ್ಟರಿಂಗ್, ಅಂದ್ರೆ ರಿಲೀಸಿಗೆ ಮುಂಚಿನ ಕೊನೇ ಹದ, ಮಾಡಿದವರು, ಎತ್ತಿದ್ರೆ ಆ ತಿದಿಯ ಉಸಿರು ಮತ್ತೆ ಸ್ವರ ಒಂದೇ ಮಟ್ಟಕ್ಕೆ ಬಂದ್ಬಿಡತ್ತೆ, ಬೇಡ ಅಂದೆ, ಅವರೂ ಇನ್ನೊಂದ್ಸಲ ಕೇಳಿ ಒಪ್ಕೊಂಡ್ರು.

ಬರೋ ವಾರ ಹಾಕ್ತೀನಿ. ಹೆಡ್‌ಫೋನ್ ಬೇಡ, ಸಾಧ್ಯ ಆದ್ರೆ ಸ್ಪೀಕರಲ್ಲಿ ಹಾಕಿ, ಕಿಟಕಿ ತೆಗೆದಿಡಿ, ಹೊರಗಿನ ಸದ್ದು ಸ್ವಲ್ಪ ಒಳಗೆ ಬರೋವಷ್ಟು ವಾಲ್ಯೂಮ್ ಇಳಿಸಿ. ಆಮೇಲೆ ನಿಮ್ ಪಾಡಿಗೆ ನಿಮ್ ಕೆಲಸ ಮಾಡ್ಕೊಳ್ಳಿ. ಯಾವ ನಿಮಿಷಕ್ಕೆ ಕೈ ನಿಲ್ತು ಅಂತ ಯಾರಾದ್ರೂ ಗುರುತು ಹಾಕ್ಕೊಂಡ್ರೆ ನಂಗೆ ದಯವಿಟ್ಟು ಹೇಳಿ.