ಮೋಟರಿಗೆ ದಮ್ಮಿಲ್ಲ

ಅವತ್ತು ದೋಣಿ ಮೋಟರಿನ ಹಗ್ಗ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸರ್ರನೆ ಬಂತು. ಎರಡೂ ಕೈ ಹಾಕಿ ಒದ್ದಾಡುತ್ತಿದ್ದವನು ನಾನು. ತೋಳಿಗೆ ಬಲ ಬಂದಿದೆ ಅಂತ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಒಂದೇ ಕೈಯಲ್ಲಿ ಎಳೆದಳು. ಸರ್ರನೆ ಬಂತು.

"ಬಲ ನಿಮಗೆ ಬಂದಿದ್ದಲ್ಲ, ಮೋಟರಿನದು ಹೋಗಿದ್ದು" ಅಂದಳು.

ಎರಡು ಸಿಲಿಂಡರಿನ ಹಳೇ ಟೂ ಸ್ಟ್ರೋಕ್ ಮೋಟರ್ ಅದು. ಪಿಸ್ಟನ್ ಗಾಳಿಯನ್ನು ಅದುಮುವಾಗ ಹಗ್ಗ ಕೈಗೆ ಬಿಗಿಯಾಗಬೇಕು. ಆಗಲಿಲ್ಲ ಅಂದರೆ ಗಾಳಿ ಎಲ್ಲೋ ಸೋರುತ್ತಿದೆ ಅಂತ ಲೆಕ್ಕ. ಹಾಗೆ ಅದುಮಿದ ಗಾಳಿಯ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತಂದೆ. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಿಡಿ ಹಾರದ ಹಾಗೆ ವೈರುಗಳನ್ನು ಎಂಜಿನ್ ಮೈಗೆ ಕಟ್ಟಿ, ಹಗ್ಗ ಎಳೆದೆ. ಮೇಲಿನ ಸಿಲಿಂಡರ್ 60 ಪಿಎಸ್‌ಐ (ಒತ್ತಡದ ಅಳತೆ), ಕೆಳಗಿನದು 35. ಇಂಥ ಮೋಟರಿನಲ್ಲಿ 100ರ ಆಸುಪಾಸು ಇದ್ದರೆ ನೆಮ್ಮದಿ. ಇದರ ಕಥೆ ಮುಗೀತು ಅಂತ ಅದರ ತಲೆ ಸವರಿದೆ.

ಅಷ್ಟರಲ್ಲಿ ಗೇಜಿನ ಡಬ್ಬಿ ತಡಕುತ್ತಿದ್ದ ಮಗ, "ಅಪ್ಪಾ, ಈ ಉಂಗುರ ಯಾರದು?" ಅಂದ. ಕಪ್ಪು ರಬ್ಬರ್ ಉಂಗುರ, ಕಿರುಬೆರಳಿಗೂ ಸಡಿಲ. ಗೇಜ್ ಪೈಪಿನ ತುದಿಯಲ್ಲಿ ಇರಬೇಕಾದದ್ದು! ಸೋರುತ್ತಿದ್ದುದು ಅಲ್ಲೇ. ಸಾಲದ್ದಕ್ಕೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬೇರೆ ಮುಚ್ಚಿತ್ತು. ಮೂಗು ಹಿಡಿದುಬಿಟ್ಟು, ಜೋರಾಗಿ ಉಸಿರೆಳಿ ಅಂದ ಹಾಗೆ.

ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೂ ಎಳೆದೆ. ಮೇಲಿನದು 105. ಕೆಳಗಿನದು 70. ಇಬ್ಬರಲ್ಲಿ ಒಬ್ಬನಂತೂ ನಿಜವಾಗಿಯೂ ಕಾಯಿಲೆ.

ಇನ್ನು ಎಣ್ಣೆ ಪರೀಕ್ಷೆ. ಮೋಟರ್ ಓರೆ ಮಾಡಿ ಪ್ಲಗ್ ತೂತಿಗೆ ಒಂದು ಚಮಚ ಎಣ್ಣೆ ಬಿಟ್ಟೆ. ಪಿಸ್ಟನ್ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗಿನ ಸಂದನ್ನು ಎಣ್ಣೆ ಮುಚ್ಚಿ ಅಂಕಿ ಏರಿದರೆ ರಿಂಗಿನ ತಂಟೆ, ಏರದಿದ್ದರೆ ಸಿಲಿಂಡರಿನ ಮುಚ್ಚಳದಡಿಯ ಪಟ್ಟಿ, ಅಂದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. (ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆತಿರುತ್ತದೆ, ಹಾಗಾಗಿ ಪೂರ್ತಿ ನಂಬುವ ಹಾಗಿಲ್ಲ.) ಗೇಜ್ ಹಾಕುವುದನ್ನು ಮರೆತು ಹಗ್ಗ ಎಳೆದೆ ನೋಡಿ, ಚಮಚದಷ್ಟೂ ಎಣ್ಣೆ ಪಿಚಕ್ಕನೆ ನನ್ನ ಬನಿಯನ್ನಿಗೆ. ಎರಡನೇ ಚಮಚಕ್ಕೆ ಮುಳ್ಳು 95 ಮುಟ್ಟಿತು. ಕಾರ್ಬನ್ ಕಟ್ಟಿ ರಿಂಗ್ ಅಂಟಿಕೊಂಡಿರಬೇಕು.

ಪ್ಲಗ್ ತೂತಿಗೆ ಕಾರ್ಬನ್ ಕ್ಲೀನರ್ ಹೊಡೆದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೋಟರಿನ ಕಾಲನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಸ್ಟಾರ್ಟ್ ಮಾಡಿದರೆ, ಅಬ್ಬಾ, ಎಂಥಾ ಹೊಗೆ! ನನ್ನ ಕೈ ನನಗೇ ಕಾಣಲಿಲ್ಲ. ಹೊಗೆ ಕರಗಿದ ಮೇಲೆ ನಿಲ್ಲಿಸಿ, ಸುಮ್ನೆ ನೋಡೋಣ ಅಂತ ಇನ್ನೊಮ್ಮೆ ಹಗ್ಗ ಎಳೆದೆ. ಅರ್ಧದಲ್ಲೇ ಗಕ್ಕನೆ ತಡೆದು ಭುಜ ಕಿತ್ತುಬರುವ ಹಾಗಾಯಿತು.

ನಾನು "ಅಯ್ಯಯ್ಯೋ" ಅಂದಿದ್ದು ಕೇಳಿ ಹೆಂಡತಿ ಒಳಗಿಂದಲೇ ಕೂಗಿದಳು: "ರಿಪೇರಿ ಆಯ್ತಾ?"