ಜನರೇಟರು ಅಟ್ಟದ ಮೇಲೆ, ಪಂಪು ಪಾತಾಳದಲ್ಲಿ

ಪ್ರವಾಹದ ನೀರು ಹದಿಮೂರನೇ ಮಹಡಿಗೆ ಏರುವುದಿಲ್ಲ. ಇದು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ತುರ್ತು ಜನರೇಟರುಗಳನ್ನು ಅಲ್ಲಿ ಕೂರಿಸಿದ್ದರು. ಅವಕ್ಕೆ ಡೀಸೆಲ್ ಉಣಿಸುವ ಪಂಪುಗಳು ಮಾತ್ರ ನೆಲಮಾಳಿಗೆಯಲ್ಲಿ. ಪಕ್ಕದಲ್ಲೇ ಈಸ್ಟ್ ನದಿ. ಕುತ್ತಿಗೆಯವರೆಗೆ ಹೊಳೆಯಲ್ಲಿ ನಿಂತು ತಲೆಗೆ ಛತ್ರಿ ಹಿಡಿದ ಹಾಗೆ.

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಿತು. ನೆಲಮಾಳಿಗೆ ತುಂಬಿತು, ಪಂಪು ಮುಳುಗಿತು, ಲಿಫ್ಟುಗಳೂ ನಿಂತವು. ಜನರೇಟರುಗಳು ಮಾತ್ರ ಮೇಲೆ ಒಂದು ಹನಿಯೂ ಸೋಕದೆ, ಮಡಿಯುಟ್ಟು ಊಟಕ್ಕೆ ಕಾದವರಂತೆ ಕೂತಿದ್ದವು. ಕೊನೆಗೆ ಸಿಬ್ಬಂದಿಯೂ ನ್ಯಾಷನಲ್ ಗಾರ್ಡ್ ಯೋಧರೂ ಮೆಟ್ಟಿಲುದ್ದಕ್ಕೂ ಸಾಲಾಗಿ ನಿಂತು, ಕೈಯಿಂದ ಕೈಗೆ ಡೀಸೆಲ್ ದಾಟಿಸಿದರು. ಬಣವೆಗೆ ಬೆಂಕಿ ಬಿದ್ದರೆ ಊರವರು ಕೊಡ ದಾಟಿಸುತ್ತಾರಲ್ಲ, ಹಾಗೆ. (13 ಅಪಶಕುನವೆಂದು ಎಷ್ಟೋ ಕಟ್ಟಡಗಳಲ್ಲಿ ಆ ಮಹಡಿಗೆ ಸಂಖ್ಯೆಯನ್ನೇ ಕೊಡದ ದೇಶವದು!)

ಪಂಪು ಕೆಳಗೇಕೆ? ಮೇಲಿನ ಮಹಡಿಗಳಲ್ಲಿ ಹೆಚ್ಚು ಇಂಧನ ಇಟ್ಟರೆ ಬೆಂಕಿಯ ಭಯ. ನಗರದ ನಿಯಮ ಆಗ ಬಿಡುತ್ತಿರಲಿಲ್ಲ. ಟ್ಯಾಂಕು ಕೆಳಗಿಳಿಯಿತು, ಪಂಪೂ ಹಿಂಬಾಲಿಸಿತು. ಅಗ್ನಿಗೆ ಹೆದರಿ ಡೀಸೆಲನ್ನು ವರುಣನ ಮಡಿಲಿಗೆ ಹಾಕಿದರು. ಈ ಇಬ್ಬರು ದೇವರಿಗೂ ಬೇರೆ ಬೇರೆ ಇಲಾಖೆ; ಒಬ್ಬರ ಕಡತ ಇನ್ನೊಬ್ಬರ ಮೇಜಿಗೆ ಹೋಗುವ ಪದ್ಧತಿ ಯಾವ ದೇಶದಲ್ಲೂ ಇದ್ದಂತಿಲ್ಲ.

ಅದೇ ರಾತ್ರಿ ಹತ್ತಿರದ ಎನ್‌ವೈಯು ಲ್ಯಾಂಗೋನ್ ಆಸ್ಪತ್ರೆಯಲ್ಲೂ ಕರೆಂಟು ಕೈಕೊಟ್ಟಿತು. ದಾದಿಯರು ಕೈಯಿಂದಲೇ ಉಸಿರು ಒತ್ತುತ್ತಾ ಹಸುಗೂಸುಗಳನ್ನು ಎತ್ತಿಕೊಂಡು ಕತ್ತಲ ಮೆಟ್ಟಿಲಿಳಿದರು. ಅಲ್ಲಿ ನಗುವುದಕ್ಕೆ ಏನೂ ಇಲ್ಲ. ಕೈಮುಗಿದು ಮುಂದೆ ಹೋಗುತ್ತೇನೆ.

ಇಂಥದ್ದನ್ನು ಊಹಿಸುವುದು ಕಷ್ಟ ಎನ್ನುವವರಿದ್ದಾರೆ. ಊಹೆ ಯಾಕೆ, ಹಳೆಯ ಪತ್ರಿಕೆ ಸಾಕಿತ್ತು. 2001ರ ಜೂನ್‌ನಲ್ಲಿ ಆಲಿಸನ್ ಬಿರುಮಳೆ ಹೂಸ್ಟನ್ನಿನ ಟೆಕ್ಸಾಸ್ ಮೆಡಿಕಲ್ ಸೆಂಟರ್ ಎಂಬ ಆಸ್ಪತ್ರೆಗಳ ಸಮೂಹದ ನೆಲಮಾಳಿಗೆಗಳನ್ನು ಕೆರೆ ಮಾಡಿತ್ತು. ಅಲ್ಲೂ ಕತ್ತಲೆ, ಅಲ್ಲೂ ಮೆಟ್ಟಿಲಲ್ಲಿ ರೋಗಿಗಳ ಮೆರವಣಿಗೆ. ಹೂಸ್ಟನ್ನಿನವರು ಆಮೇಲೆ ಜಲಾಂತರ್ಗಾಮಿಗೆ ಇರುವಂಥ ಬಾಗಿಲುಗಳನ್ನು ಹಾಕಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ನಾವು ಹಂಗಿಸುವುದುಂಟು. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಆ ದಿಡ್ಡಿ ಬಾಗಿಲೇ ನೀರನ್ನು ತಡೆಯಿತು. ಹೂಸ್ಟನ್ನಿನ ಸುದ್ದಿ ಈಸ್ಟ್ ನದಿಯ ದಡಕ್ಕೆ ಎತ್ತಿನ ಗಾಡಿಯಲ್ಲಿ ಬರುತ್ತಿತ್ತೋ ಏನೋ.

ಆಲಿಸನ್‌ನಿಂದ ಸ್ಯಾಂಡಿಗೆ 11 ವರ್ಷ. ವರ್ಷಕ್ಕೊಂದು ಮಹಡಿಯಂತೆ ಹತ್ತಿಸಿದ್ದರೂ ಪಂಪು ಅಷ್ಟು ಹೊತ್ತಿಗೆ ಹನ್ನೊಂದನೇ ಮಹಡಿಯಲ್ಲಿ ಇರುತ್ತಿತ್ತು.